ಎರಡನೇ ದನಿ

ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ದೋಹಾದ ರಸ್ತೆಗಳೆಲ್ಲ ಬಿಕೋ ಎನ್ನುವ ಹೊತ್ತಿಗೆ ಲೊರ್ನಾಳ ದನಿ ರೇಡಿಯೊದಲ್ಲಿ ಕೇಳಿಸುತ್ತಿತ್ತು. “ಬನ್ನಿ, ಜಗಲಿಗೆ ಬನ್ನಿ, ಚಪ್ಪಲಿ ಅಲ್ಲೇ ಬಿಡಿ” ಎಂದು ಇಂಗ್ಲಿಷಿನಲ್ಲಿ ಕರೆದು, ಗಿಟಾರು ಶ್ರುತಿ ಹಿಡಿಯುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಹಾಡು ಎತ್ತುತ್ತಿದ್ದಳು. ಒಂದು ಗಂಟೆಯ ಕಂಟ್ರಿ ಸಂಗೀತ. ಅಮೆರಿಕದ ಹಳ್ಳಿಗಾಡಿನ ಜನ ಕಟ್ಟಿಕೊಂಡ ಹಾಡುಗಳವು. ರೈಲು, ಲಾರಿ, ಕುಡುಕ ಗಂಡ, ತಾಯಿಯ ಗೋರಿ, ಬಿಟ್ಟು ಬಂದ ಊರು, ಇವೇ ಅವುಗಳ ಬಂಡವಾಳ. ಲೊರ್ನಾ ಅಮೆರಿಕವನ್ನು ಕಂಡವಳಲ್ಲ. ಮಂಗಳೂರಿನ ಕುಲಶೇಖರದಲ್ಲಿ ಹುಟ್ಟಿದವಳು. ಹಡಗಿನಲ್ಲಿ ಅಡುಗೆಯವನಾಗಿದ್ದ ಅಪ್ಪ ಪ್ರತಿ ರಜೆಗೂ ತರುತ್ತಿದ್ದ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ, ಅರ್ಥ ತಿಳಿಯುವ ಮೊದಲೇ ಆ ಹಾಡುಗಳು ಅವಳ ಗಂಟಲಿಗೆ ಬಂದಿದ್ದವು.

ವಾರದ ಉಳಿದ ದಿನ ಅವಳು ಮದೀನತ್ ಖಲೀಫಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಹೆದರಿ ಕೂತವರಿಗೆ ಧೈರ್ಯ ಹೇಳುವ ಕೆಲಸ. ಬಂದವರಲ್ಲಿ ಕೆಲವರು ಅವಳ ದನಿ ಕೇಳಿದ್ದೇ ತಲೆಯೆತ್ತಿ, “ಫ್ರೈಡೇ ಲೊರ್ನಾ?” ಎನ್ನುತ್ತಿದ್ದರು. ಫಿಲಿಪೈನ್ಸಿನ ನರ್ಸುಗಳು, ಕಣ್ಣೂರಿನ ಟ್ರೇಲರ್ ಚಾಲಕರು, ಟೆಕ್ಸಾಸಿನಿಂದ ಬಂದ ಒಬ್ಬ ಮುದುಕ ಎಂಜಿನಿಯರು, ಇಂಥವರು ಅವಳ ಕೇಳುಗರು.

ಗಿಟಾರು ನುಡಿಸುತ್ತಿದ್ದವನು ಗಂಡ ಯೂಸ್ಟೇಸ್. ದೋಹಾದ ಪಕ್ಕದ ಲುಸೈಲಿನಲ್ಲಿ ಸರ್ವೇಯರ್. ದಿನವಿಡೀ ಬಿಸಿಲಿನಲ್ಲಿ ನಿಂತು “ಯಲ್ಲಾ, ಯಲ್ಲಾ” ಎಂದು, ‘ಆಗಲಿ, ನಡೀರಿ’ ಎನ್ನುವ ಅರಬ್ಬಿ ಮಾತಿನಲ್ಲಿ, ಕೆಲಸದವರನ್ನು ಹುರಿದುಂಬಿಸುತ್ತಿದ್ದ ಅವನು ಮೈಕಿನ ಮುಂದೆ ಒಂದು ದಿನವೂ ತುಟಿ ಬಿಚ್ಚಿದವನಲ್ಲ. ಹಾಡಿದವನಂತೂ ಅಲ್ಲವೇ ಅಲ್ಲ. “ನಿಮ್ಮ ಗಿಟಾರಿನವರು ನಿಜವಾಗಿ ಇದ್ದಾರಾ, ಇಲ್ಲ ರೆಕಾರ್ಡಾ?” ಎಂದು ಯಾರೋ ಫೋನು ಮಾಡಿ ಕೇಳಿದಾಗ ಲೊರ್ನಾ ನಗುತ್ತ, “ಇದ್ದಾರೆ, ಆದರೆ ನಾಚಿಕೆ” ಎಂದಿದ್ದಳು. ಯೂಸ್ಟೇಸ್ ಅದಕ್ಕೂ ಒಂದು ತಂತಿ ಮೀಟಿ ಸುಮ್ಮನಾಗಿದ್ದ.

ಅವರಿಗೆ ಮಕ್ಕಳಿರಲಿಲ್ಲ. ಇಬ್ಬರೂ ಸೇರಿ ಕಟ್ಟಿದ ಒಂದು ಹಾಡಿತ್ತು. ಮಾತು ಅವಳದು, ಧಾಟಿ ಅವನದು. ದುಖಾನ್ ರಸ್ತೆಯಲ್ಲಿ ಸಿಹಿನೀರಿನ ಟ್ಯಾಂಕರ್ ಓಡಿಸುವವನೊಬ್ಬ ದಿನವೆಲ್ಲ ಊರಿಗೆ ನೀರು ಹೊತ್ತು, ತಾನು ಬಾಯಾರಿ ಕೋಣೆಗೆ ಮರಳುವ ಹಾಡು. ಕೇಳುಗರು ಪದೇ ಪದೇ ಹಾಡಿಸುತ್ತಿದ್ದದ್ದು ಅದನ್ನೇ.

ಫೆಬ್ರವರಿಯ ಒಂದು ಸಂಜೆ, ಅಲ್ ಗರಾಫಾದ ಅವರ ಮನೆಯ ಕೆಳಗೆ ಕಾರಿನಿಂದ ಅಕ್ಕಿಚೀಲ ಇಳಿಸುತ್ತಿದ್ದ ಯೂಸ್ಟೇಸ್ “ಲೊರ್” ಎಂದ. ಹೆಸರು ಅಲ್ಲಿಗೇ ನಿಂತಿತು. ಅವಳು ತಿರುಗಿ ನೋಡಿದರೆ ಅವನು ಕಾರಿಗೆ ಒರಗಿ, ತನ್ನ ಬಲಗೈಯನ್ನು ಯಾರದೋ ಕೈಯೆಂಬಂತೆ ದಿಟ್ಟಿಸುತ್ತಿದ್ದ.

ಪಾರ್ಶ್ವವಾಯು ಬಡಿದಿತ್ತು. ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಬಲಗೈ ಸ್ವಾಧೀನ ತಪ್ಪಿತು. ಕಾಲೆಳೆದುಕೊಂಡು ನಡೆಯುವಷ್ಟಾಯಿತು. ಮಾತು ಹೋಯಿತು. ಕೊಂಕಣಿ, ತುಳು, ಕನ್ನಡ, ಇಂಗ್ಲಿಷು ಎಲ್ಲವೂ ಹೋಗಿ ಒಂದೇ ಒಂದು ಮಾತು ಉಳಿಯಿತು: “ಯಲ್ಲಾ.” ಹಸಿವಾದರೆ ಯಲ್ಲಾ. ನೋವಾದರೆ ಯಲ್ಲಾ. ದಿಂಬು ಸರಿಯಿಲ್ಲದಿದ್ದರೆ, ಸಿಟ್ಟು ಬಂದರೆ, ಲೊರ್ನಾ ಅಳುವುದು ಕಂಡರೆ, ಆಗಲೂ ಅದೇ. ಬೇರೆ ಏನೋ ಹೇಳಲು ಹೊರಟು, ಬಾಯಿಂದ ಅದೇ ಬಿದ್ದದ್ದು ಕೇಳಿ ಅವನೇ ಬೆಚ್ಚುತ್ತಿದ್ದ.

ರೇಡಿಯೊದವರು ಹಳೆಯ ರೆಕಾರ್ಡಿಂಗುಗಳನ್ನು ಹಾಕಿ ಕಾರ್ಯಕ್ರಮ ನಡೆಸಿದರು. ಲೊರ್ನಾಳ ಮನೆಯಿದ್ದ ಕಟ್ಟಡದ ಮೇಲಿನ ಮಹಡಿಯಲ್ಲಿ ಪುತ್ತೂರಿನ ಹರಿಣಾಕ್ಷಿ ಇದ್ದಳು. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವುದೇ ಅವಳ ಉದ್ಯೋಗ. ಕೆಲಸ ಮುಗಿಸಿ ಬಂದು ಅವನ ಪಕ್ಕ ಕೂತು ಒಂದೊಂದೇ ಚಿತ್ರ ತೋರಿಸುತ್ತಿದ್ದಳು.

“ಇದೆಂತದು ಯೂಸ್ಟೇಸಣ್ಣ?”

“ಯಲ್ಲಾ.”

“ಪರವಾಗಿಲ್ಲ, ನಾಳೆ ನೋಡುವ.”

ಏಪ್ರಿಲ್‌ನ ಒಂದು ಮಧ್ಯಾಹ್ನ ಲೊರ್ನಾ ಮೀನು ತೊಳೆಯುತ್ತ ಟ್ಯಾಂಕರಿನ ಹಾಡನ್ನು ಗುನುಗುತ್ತಿದ್ದಳು. ಮೊದಲ ಸಾಲು ಮುಗಿಸಿ ಉಸಿರೆಳೆದುಕೊಂಡಳು. ಎರಡನೆಯ ಸಾಲು ಹಿಂದಿನಿಂದ ಬಂತು. ಕುರ್ಚಿಯಲ್ಲಿ ಕೂತಿದ್ದ ಯೂಸ್ಟೇಸ್ ಹಾಡುತ್ತಿದ್ದ. ಗೊಗ್ಗರು ದನಿ, ಆದರೆ ಒಂದು ಪದ ತಪ್ಪಿಲ್ಲ, ಒಂದು ಅಕ್ಷರ ತೊದಲಿಲ್ಲ. ಲೊರ್ನಾ ಕೈ ಒರೆಸಿಕೊಳ್ಳದೆಯೇ ಬಂದು ಅವನೆದುರು ನೆಲದ ಮೇಲೆ ಕೂತಳು. ಹಾಡು ಕೊನೆಯವರೆಗೂ ಹೋಯಿತು. ಅವಳು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳೋ ಅವನೂ ಅಲ್ಲಲ್ಲೇ ತೆಗೆದುಕೊಂಡ. ಇಷ್ಟು ವರ್ಷ ಅವಳ ಉಸಿರನ್ನು ಕಾಯುತ್ತಲೇ ನುಡಿಸಿದವನಲ್ಲವೇ.

“ಯೂಸ್ಟೇಸ್, ನನ್ನ ಹೆಸರು ಹೇಳು,” ಎಂದಳು ಲೊರ್ನಾ.

ಅವನು ಬಾಯಿ ತೆರೆದ. “ಯಲ್ಲಾ.”

ಸಂಜೆ ಹರಿಣಾಕ್ಷಿ ಕೇಳಿ ಸಂತೋಷಪಟ್ಟಳು, ಎಚ್ಚರವನ್ನೂ ಹೇಳಿದಳು. “ಹಾಡಿನ ದಾರಿಯೇ ಬೇರೆ ಅಕ್ಕ. ಮಾತು ಹೋದ್ರೂ ಕೆಲವರಿಗೆ ಹಾಡು ಉಳೀತದೆ. ಹಾಡು ಬಂತು ಅಂತ ಮಾತು ಬಂದ ಹಾಗಲ್ಲ, ಗೊತ್ತುಂಟಲ್ಲ?”

ಲೊರ್ನಾಳ ಕಿವಿಗೆ ಎಚ್ಚರಿಕೆ ಅಷ್ಟಾಗಿ ಬೀಳಲಿಲ್ಲ. ಮನೆಯಲ್ಲಿ ಮತ್ತೆ ಹಾಡಿತ್ತು, ಅಷ್ಟು ಸಾಕಾಗಿತ್ತು.

ಮೇ ತಿಂಗಳಲ್ಲಿ ಕಂಪನಿ ಯೂಸ್ಟೇಸನ ಕೆಲಸವನ್ನು ಮುಗಿಸಿತು. ಅವನ ವೀಸಾದ ಮೇಲೆಯೇ ಅವಳೂ ಇದ್ದದ್ದರಿಂದ ಇಬ್ಬರೂ ಊರಿಗೆ ಹೊರಡಬೇಕಾಯಿತು. ರೇಡಿಯೊದಲ್ಲಿ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಿದ್ದ ಮೈಸೂರಿನ ಪ್ರಶಾಂತ್‌ಗೆ ಇದನ್ನು ತಿಳಿಸಲು ಹೋದಾಗ ಮಾತಿನ ನಡುವೆ ಲೊರ್ನಾ ಹಾಡಿನ ಸುದ್ದಿಯನ್ನೂ ಹೇಳಿದಳು. ಪ್ರಶಾಂತ್ ಕುರ್ಚಿಯಿಂದ ಎದ್ದೇಬಿಟ್ಟ.

“ಮೇಡಂ, ಕೊನೇ ಶೋನಲ್ಲಿ ಸರ್ ಹಾಡ್ಲಿ. ಲೈವ್. ವಿಡಿಯೋನೂ ಮಾಡೋಣ. ನಮ್ಮಪ್ಪನೂ ಹೀಗೇ ಮಲಗಿದ್ರು. ಇಂಥವ್ರು ಎಷ್ಟು ಮನೇಲಿ ಇದಾರೆ, ಅವ್ರಿಗೆಲ್ಲ ಒಂದು ಹೋಪ್ ಸಿಗುತ್ತೆ.”

ಅವನು ಕೆಟ್ಟ ಮನುಷ್ಯನಲ್ಲ. ಅಪ್ಪನ ಮಾತೆತ್ತಿದಾಗ ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಲೊರ್ನಾಗೇ ಆಸೆಯಾಯಿತು. ಇದ್ದಾನೋ ಇಲ್ಲವೋ ಎಂದು ಕೇಳಿದವರೆಲ್ಲ ಒಮ್ಮೆ ಅವನ ದನಿ ಕೇಳಲಿ ಅನ್ನಿಸಿತು. ಮನೆಗೆ ಬಂದವಳೇ ಕೇಳಿದಳು: “ರೇಡಿಯೊದಲ್ಲಿ ಹಾಡ್ತೀಯಾ?”

“ಯಲ್ಲಾ,” ಎಂದ ಯೂಸ್ಟೇಸ್.

ಅವಳು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು.

ವಾರವೆಲ್ಲ ರೇಡಿಯೊದಲ್ಲಿ ಅದೇ ಪ್ರಕಟಣೆ. ಮಾತು ಕಳೆದುಕೊಂಡ ಗಿಟಾರಿನವನು ಮೊದಲ ಸಲ ಹಾಡಲಿದ್ದಾನೆ ಎಂದು. ಕ್ಲಿನಿಕ್ಕಿಗೆ ಬಂದ ನರ್ಸೊಬ್ಬಳು ಕೌಂಟರಿನ ಮೇಲಿಂದಲೇ ಲೊರ್ನಾಳ ಕೈ ಹಿಡಿದು ಅತ್ತಳು. ಮನೆಯಲ್ಲಿ ಮಾತ್ರ ಅಭ್ಯಾಸ ಸರಿಬರಲಿಲ್ಲ. ಅಡುಗೆಮನೆಯಲ್ಲಿ ತಾನಾಗಿ ಹಾಡುತ್ತಿದ್ದವನು, ಅವಳು ಫೋನಿನಲ್ಲಿ ರೆಕಾರ್ಡು ಮಾಡಲು ಹಿಡಿದರೆ ಕಿಟಕಿಯತ್ತ ಮುಖ ತಿರುಗಿಸುತ್ತಿದ್ದ. ಸುಸ್ತಾಗಿರಬೇಕು ಎಂದುಕೊಂಡಳು.

ಗುರುವಾರ ಸಂಜೆ ಹರಿಣಾಕ್ಷಿ ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು. “ಅಣ್ಣ ಒಪ್ಪಿದ್ರಾ ಅಕ್ಕ?”

“ಒಪ್ಪಿದ. ಕೇಳಿದ ಕೂಡಲೇ ಯಲ್ಲಾ ಅಂದ.”

ಹರಿಣಾಕ್ಷಿ ಒಳಗೆ ಕೂತಿದ್ದ ಯೂಸ್ಟೇಸನತ್ತ ನೋಡಿದಳು. ಆಮೇಲೆ ಮೆಲ್ಲಗೆ, “ಅವರ ಹತ್ರ ಹೇಳ್ಲಿಕ್ಕೆ ಬೇರೆ ಎಂತ ಉಂಟು ಅಕ್ಕ?” ಎಂದಳು.

ಲೊರ್ನಾಗೆ ಸಿಟ್ಟು ಬಂತು. “ನನ್ನ ಗಂಡ ನನಗೆ ಗೊತ್ತಿಲ್ವಾ ಮಾರಾಯ್ತಿ?” ಎಂದು ಗದರಿ ಕಳಿಸಿದಳು. ಕಳಿಸಿದ ಮೇಲೆ ಅನ್ನ ಸೇರಲಿಲ್ಲ.

ಮರುದಿನ ಬೆಳಿಗ್ಗೆ ರೇಡಿಯೊ ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದವಳು ಇಳಿಯಲಿಲ್ಲ. ಯೂಸ್ಟೇಸ್ ಅವಳೇ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಪಕ್ಕದಲ್ಲಿ ಕೂತಿದ್ದ. ಲೊರ್ನಾ ತನ್ನ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

“ಬಾಯಲ್ಲಿ ಹೇಳ್ಬೇಡ. ಅಲ್ಲಿ ಹಾಡ್ಲಿಕ್ಕೆ ಮನಸ್ಸಿದ್ರೆ ಈ ಕೈ ಹಿಡಿ. ಇಲ್ಲದಿದ್ರೆ ಇದು. ಯಾವುದಾದ್ರೂ ನನಗೆ ಬೇಜಾರಿಲ್ಲ.”

ಕೊನೆಯ ಮಾತು ಸುಳ್ಳು. ಅದು ಅವನಿಗೂ ಗೊತ್ತಿತ್ತು. ಅವನು ಅವಳ ಮುಖವನ್ನೇ ನೋಡಿದ. ನೋಡುತ್ತಲೇ ಎಡಗೈಯನ್ನು ನಿಧಾನವಾಗಿ ಎತ್ತಿ, ಬೇಡ ಎಂದರೆ ಹಿಡಿಯಬೇಕಾದ ಕೈಯನ್ನು ಹಿಡಿದ. ಮೆತ್ತಗಲ್ಲ, ಬೆರಳು ನೋಯುವಷ್ಟು ಬಿಗಿಯಾಗಿ. ಅವನ ಕಣ್ಣಿಂದ ನೀರು ಇಳಿಯಿತು. ಇಡೀ ವಾರ ಅವನು ಇದನ್ನು ಒಳಗೇ ಹೊತ್ತುಕೊಂಡು ತಿರುಗಿದ್ದ, ಹೇಳಲು ದಾರಿಯಿಲ್ಲದೆ.

“ಆಯ್ತು,” ಎಂದಳು ಲೊರ್ನಾ. “ಆಯ್ತು, ಆಯ್ತು.”

ಮೇಲೆ ಪ್ರಶಾಂತ್ ಕ್ಯಾಮರಾದವರೊಂದಿಗೆ ಕಾಯುತ್ತಿದ್ದ. ವಿಷಯ ಕೇಳಿ ಅವನ ಮುಖ ಇಳಿಯಿತು. “ಮೇಡಂ, ವಾರದಿಂದ ಪ್ರೋಮೋ ಹೋಗಿದೆ. ಸ್ಪಾನ್ಸರ್ಸ್ ಕೇಳ್ತಿದಾರೆ. ಎರಡೇ ಸಾಲು ಹಾಡ್ಲಿ, ಪ್ಲೀಸ್.”

“ಬೇಡ ಅಂದ್ರು ಪ್ರಶಾಂತ್.”

“ಹೇಗೆ ಅಂದ್ರು? ಮಾತೇ ಬರಲ್ವಲ್ಲ ಅವ್ರಿಗೆ?”

“ಅಂದ್ರು,” ಎಂದಳು ಅವಳು. “ಖಲಾಸ್. ಕ್ಯಾಮರಾ ಆಫ್ ಮಾಡಿಸಿ.”

ಯೂಸ್ಟೇಸನನ್ನು ಗಾಜಿನಾಚೆಯ ಕೋಣೆಯಲ್ಲಿ, ಅತಿಥಿಗಳು ಕೂರುವ ಸೋಫಾದ ಮೇಲೆ ಕೂರಿಸಿ ಅವಳು ಒಬ್ಬಳೇ ಮೈಕಿನ ಮುಂದೆ ಕೂತಳು. ಎಂದಿನಂತೆ ಜಗಲಿಗೆ ಕರೆದಳು. ಆಮೇಲೆ ಹೇಳಿದಳು: “ಯೂಸ್ಟೇಸ್ ಹಾಡುತ್ತಾರೆ ಎಂದು ನಿಮಗೆ ಹೇಳಿದ್ದೆವು. ಅವರು ಹಾಡುವುದಿಲ್ಲ. ತಪ್ಪು ನನ್ನದು, ನಾನು ಸರಿಯಾಗಿ ಕೇಳಿರಲಿಲ್ಲ. ಅವರು ಇಲ್ಲೇ ಕೂತಿದ್ದಾರೆ. ಇವತ್ತು ಅವರಿಗಾಗಿ ಹಾಡುತ್ತೇನೆ.”

ಗಿಟಾರಿಲ್ಲದೆ ಅವಳು ಮೈಕಿನ ಮುಂದೆ ಎಂದೂ ಹಾಡಿದವಳಲ್ಲ. ಮೊದಲ ಹಾಡು ಶ್ರುತಿ ಬಿಟ್ಟು ಅಲೆದಾಡಿತು. ಎರಡನೆಯದರಲ್ಲಿ ಮೇಲಿನ ಸ್ವರ ಒಡೆಯಿತು. ಮೂರನೆಯದರ ಹೊತ್ತಿಗೆ ಅವಳು ಗಾಜಿನಾಚೆ ನೋಡಿದಳು. ಯೂಸ್ಟೇಸ್ ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು ಕೇಳುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವನು ಕೆಲಸವಿಲ್ಲದೆ, ಬರೀ ಕೇಳಲೆಂದು ಅವಳ ಹಾಡಿಗೆ ಕೂತದ್ದು ಇದೇ ಮೊದಲು. ಆಮೇಲೆ ಅವಳ ದನಿ ಅಲೆದಾಡದೆ ಶ್ರುತಿಯಲ್ಲಿ ನಿಂತಿತು.

ಎಲ್ಲರಿಗೂ ಅದು ಹಿಡಿಸಲಿಲ್ಲ. ಆಸೆ ಹುಟ್ಟಿಸಿ ಮೋಸ ಮಾಡಿದಿರಿ ಎಂದು ಕೆಲವರು ಮೆಸೇಜು ಹಾಕಿದರು. ಪ್ರಶಾಂತ್ ಬೀಳ್ಕೊಡಲು ಕೆಳಗೆ ಬರಲಿಲ್ಲ. ಕೊಡುತ್ತೇನೆಂದಿದ್ದ ಕೊನೆಯ ಕಾರ್ಯಕ್ರಮದ ರೆಕಾರ್ಡಿಂಗನ್ನೂ ಕಳಿಸಲಿಲ್ಲ. ಹರಿಣಾಕ್ಷಿಯ ಬಾಗಿಲಿಗೆ ಲೊರ್ನಾ ತಾನೇ ಹತ್ತಿ ಹೋಗಿ ಕ್ಷಮೆ ಕೇಳಿದಳು. ಹರಿಣಾಕ್ಷಿ ಅವಳನ್ನು ಒಳಗೆ ಕರೆದು ನೀರುದೋಸೆ ಎರೆದಳು.

ಹೊರಡುವ ವಾರ, ಪೆಟ್ಟಿಗೆಗಳ ನಡುವೆ ಕೂರಿಸಿ ಲೊರ್ನಾ ಅವನಿಗೆ ಓಟ್ಸ್ ಗಂಜಿ ತಿನ್ನಿಸುತ್ತಿದ್ದಳು. ಅವನು ಚಮಚವನ್ನು ತಳ್ಳಿ, “ನಾಕಾ” ಎಂದ. ಬೇಡ ಎನ್ನಲು ಕೊಂಕಣಿಯಲ್ಲಿ ಹೇಳುವ ಮಾತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನು ಪರೀಕ್ಷಿಸುವವನಂತೆ ಇನ್ನೊಮ್ಮೆ ಅಂದ. ಲೊರ್ನಾ ಬಟ್ಟಲನ್ನು ತೆಗೆದು ಪಕ್ಕಕ್ಕಿಟ್ಟಳು.

ಈಗ ಅವರು ಕುಲಶೇಖರದಲ್ಲಿ, ಚರ್ಚಿನ ಗಂಟೆ ಕೇಳಿಸುವಷ್ಟು ಹತ್ತಿರದ ಒಂದು ಬಾಡಿಗೆ ಮನೆಯಲ್ಲಿದ್ದಾರೆ. ಮಾತು ಹೆಚ್ಚು ಬಂದಿಲ್ಲ. ಬರುವ ಭರವಸೆಯನ್ನು ಡಾಕ್ಟರೂ ಕೊಟ್ಟಿಲ್ಲ. ರೇಡಿಯೊ ಇಲ್ಲದ ಶುಕ್ರವಾರಗಳಲ್ಲಿ ಲೊರ್ನಾಗೆ ಕೈಕಾಲು ಆಡುವುದಿಲ್ಲ. ಸಂಜೆ ಅವನಿಗೆ ಮನಸ್ಸು ಬಂದರೆ ಹಾಡುತ್ತಾನೆ. ಅವನಿಗೆ ಗೊತ್ತಿರುವುದು ಇಷ್ಟು ವರ್ಷ ಅವಳು ಹಾಡುತ್ತಿದ್ದ ವರಸೆಯೊಂದೇ, ಆದ್ದರಿಂದ ಮುಖ್ಯ ದನಿ ಅವನದು. ಬೇರೆ ಸ್ವರದಲ್ಲಿ ಜೊತೆಗೆ ಸೇರುವ ಎರಡನೇ ದನಿಯನ್ನು ಲೊರ್ನಾ ಈ ವಯಸ್ಸಿನಲ್ಲಿ ಕಲಿಯುತ್ತಿದ್ದಾಳೆ. ಸುಲಭವಲ್ಲ. ಅವನು ಉಸಿರು ಎಲ್ಲಿ ತೆಗೆಯುತ್ತಾನೆಂದು ಕಾಯಬೇಕು.