ಬಸುರಿಗೆ ಮುಂಚಿನ ಮಾತ್ರೆ

ಮಗು ಕಳೆದುಕೊಂಡ ಮನೆಗೆ ಯಾರೂ ಸುಮ್ಮನೆ ಬರುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಕಾರಣ ಹೊತ್ತುಕೊಂಡೇ ಬರುತ್ತಾರೆ.

“ದಿನವಿಡೀ ನಿಂತು ಕೆಲಸ ಮಾಡಿದ್ರೆ ಇನ್ನೇನಾಗುತ್ತೆ?” ಎಂದರು ಪಕ್ಕದ ಮನೆಯವರು. “ಲಾಂಡ್ರಿಯ ಬಿಸಿ ಹಬೆ ಹೊಟ್ಟೆಗೆ ತಾಗಿದೆ” ಎಂದರು ಎದುರು ಮನೆಯವರು. ನೋಡಿಹೋಗಲು ಬಂದ ಗಂಡನ ಚಿಕ್ಕಮ್ಮ ಚಹಾ ಕುಡಿದು, ಲೋಟ ಕೆಳಗಿಟ್ಟು, “ಒಳಗೊಳಗೇ ಕೊರಗೋ ಹೆಣ್ಣು, ಅದಕ್ಕೇ ಹೀಗೆ” ಎಂದು ಹೇಳಿ ಎದ್ದುಹೋದರು.

ಸೊಸೆ ಎಲ್ಲವನ್ನೂ ಕೇಳಿಸಿಕೊಂಡಳು. ಎದುರು ಮಾತಾಡುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ.

ಅವಳ ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಹೋಟೆಲುಗಳಿಂದ ಮೂಟೆಗಟ್ಟಲೆ ಬರುವ ಹಾಸುಗಳನ್ನು ಒಗೆದಾದ ಮೇಲೆ ಹಬೆಯ ಇಸ್ತ್ರಿ ಯಂತ್ರಕ್ಕೆ ಕೊಟ್ಟು, ಆ ಕಡೆಯಿಂದ ಎಳೆದು, ಮಡಿಸಿ ಇಡಬೇಕು. ಅದು ಅವಳ ಮೊದಲ ಹೆರಿಗೆ. ಎಂಟನೇ ತಿಂಗಳಲ್ಲೇ ನೋವು ಬಂತು. ಹುಟ್ಟಿದ ಹೆಣ್ಣುಮಗು ಉಸಿರಾಡಲಿಲ್ಲ. “ತಲೆ ಸರಿಯಾಗಿ ಬೆಳೆದಿರಲಿಲ್ಲ” ಎಂದು ಡಾಕ್ಟರು ಗಂಡನಿಗೆ ಹೇಳಿದರು. ಅವನು ಮಗುವನ್ನು ನೋಡಿದ. ಅವಳಿಗೆ ತೋರಿಸುವುದು ಬೇಡವೆಂದು ಅತ್ತೆ ತಡೆದರು. ಬಟ್ಟೆಯಲ್ಲಿ ಸುತ್ತಿ ಒಯ್ದುಬಿಟ್ಟರು.

ಕೆಲವು ವಾರಗಳಾದ ಮೇಲೆ ಅವಳು ಮತ್ತೆ ಲಾಂಡ್ರಿಗೆ ಹೋಗತೊಡಗಿದಳು. ಸಂಜೆ ಬಂದು ಅಡುಗೆಮನೆಯ ಗೋಡೆಗೆ ಒರಗಿ ಕೂರುತ್ತಿದ್ದಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನೂ ಬರುತ್ತಿದ್ದ, ಕೈ ತೊಳೆಯುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ. ಮನೆಯೊಳಗೆ ಮೂರು ಜನ. ಮೂವರೂ ಸುಸ್ತಾಗಿದ್ದರು.

ಒಂದು ಸಂಜೆ ಬೀದಿಯ ಕೊನೆಯ ಮನೆಯ ನರ್ಸಕ್ಕ ಬಂದರು. ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವರು. ಮನೆಮನೆ ಸುತ್ತಿ ಅವರ ಕಾಲೂ ಬಾತಿತ್ತು. ಚಪ್ಪಲಿ ಬಿಟ್ಟು ನೆಲದ ಮೇಲೇ ಕೂತರು.

“ಇನ್ನೊಂದು ಮಗುವಿನ ಯೋಚನೆ ಯಾವತ್ತು ಬರುತ್ತೋ ಬರಲಿ, ಅವಸರವಿಲ್ಲ. ಆದ್ರೆ ಯೋಚನೆ ಬರೋಕೆ ಮುಂಚೇನೇ ಡಾಕ್ಟರನ್ನ ಕಂಡು ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡ್ಬೇಕಮ್ಮ.”

ಅತ್ತೆಗೆ ಸಿಟ್ಟು ಬಂತು. “ಬಸುರಿಯೇ ಅಲ್ಲದವಳಿಗೆ ಬಸುರಿಯ ಮಾತ್ರೆಯೇ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದ ಹಾಗಾಯ್ತು.”

“ಈ ಒಂದು ಕುಲಾವಿ ಮೊದಲೇ ಹೊಲಿಯಬೇಕು ದೊಡ್ಡಮ್ಮ.”

“ನಾವೆಲ್ಲ ಯಾವ ಮಾತ್ರೆ ನುಂಗಿ ಹೆತ್ತಿದ್ದು? ನಿಂತು ನಿಂತು ಕೆಲಸ ಮಾಡಿದ್ಲು, ಹೀಗಾಯ್ತು. ಕೆಲಸ ಬಿಡಿಸಿದ್ರೆ ಎಲ್ಲ ಸರಿಹೋಗುತ್ತೆ.”

ಗಂಡ ತಲೆ ಎತ್ತದೆ, “ಇನ್ನೊಂದರ ಮಾತೇ ಬೇಡ ಬಿಡಿ ನರ್ಸಕ್ಕ” ಎಂದ.

ಸೊಸೆ ಆಗ ಬಾಯಿಬಿಟ್ಟಳು. “ಅಕ್ಕಾ, ನನ್ನ ಮಗು ಹೇಗಿತ್ತು?”

ಅತ್ತೆ ಎದ್ದು ದೀಪ ಹಾಕಿದರು.

“ಎಲ್ಲರೂ ಒಂದೊಂದು ಹೇಳ್ತಾರೆ. ನಾನು ನೋಡೇ ಇಲ್ಲ. ಕಣ್ಣು ಮುಚ್ಚಿದ್ರೆ ಏನೇನೋ ಕಾಣುತ್ತೆ. ಮೆಡಿಕಲ್ ಕಾಲೇಜಿನ ಮ್ಯೂಸಿಯಂನಲ್ಲಿ ಅಂಥ ಮಕ್ಕಳನ್ನ ಗಾಜಿನ ಜಾಡೀಲಿ ಇಟ್ಟಿರ್ತಾರಂತೆ. ಜೊತೆ ಕೆಲಸದವಳು ಹೇಳಿದ್ಲು. ನನ್ನನ್ನ ಕರ್ಕೊಂಡು ಹೋಗ್ತೀರಾ?”

“ಬೇಡಮ್ಮ. ಅದನ್ನ ನೋಡಿ ನಿದ್ದೆ ಕೆಡಿಸ್ಕೋಬೇಡ.”

“ಕೆಡೋಕೆ ನಿದ್ದೆ ಎಲ್ಲಿದೆ ಅಕ್ಕಾ?”

ನರ್ಸಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ, “ಅಲ್ಲಿ ಪಾಠ ಹೇಳೋ ಮೇಡಂ ನನಗೆ ಗೊತ್ತು, ಕೇಳಿ ನೋಡ್ತೀನಿ” ಎಂದರು.

ಸಾರ್ವಜನಿಕರಿಗೆ ಮ್ಯೂಸಿಯಂ ತೆರೆದಿಡುವ ದಿನ ಹೊರಟರು. ಅತ್ತೆಯೂ ಹೊರಟುನಿಂತರು. “ಇವಳೊಬ್ಬಳನ್ನೇ ಅಲ್ಲಿಗೆಲ್ಲ ಕಳಿಸೋಕಾಗುತ್ತಾ?” ಎಂಬುದು ಅವರ ನೆಪ. ಗಂಡ ಕಾಲೇಜಿನ ಬಾಗಿಲವರೆಗೆ ಬಂದು, ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟ. “ನಾನು ಬರಲ್ಲ. ನಾನು ನೋಡಿದೀನಿ.”

ಮ್ಯೂಸಿಯಂ ಮಹಡಿಯ ಮೇಲಿತ್ತು. ಪಾಠ ಹೇಳುವ ಮೇಡಂ ಬಾಗಿಲಲ್ಲೇ ಕಾಯುತ್ತಿದ್ದು ಒಳಗೆ ಕರೆದೊಯ್ದರು. ಮೂಗಿಗೆ ಘಾಟು ಹೊಡೆಯಿತು. ಹೆಣ ಕೆಡದಂತೆ ಇಡುವ ಔಷಧಿಯ ವಾಸನೆ. ಮೊದಲ ಕೋಣೆಯ ಗಾಜಿನ ಕಪಾಟುಗಳಲ್ಲಿ ತೂತು ಬಿದ್ದ ತಲೆಬುರುಡೆಗಳು, ತುಕ್ಕು ಹಿಡಿದ ಚೂರಿಗಳು, ಗಂಟು ಬಿಚ್ಚದೆ ಉಳಿಸಿದ ಹಗ್ಗಗಳು, ವಿಷದ ಸೀಸೆಗಳು ಇದ್ದವು. ಅತ್ತೆ ಕರವಸ್ತ್ರವನ್ನು ಮೂಗಿಗೆ ಒತ್ತಿ ಹಿಡಿದರು.

“ಇದೆಲ್ಲ ಯಾಕಮ್ಮ ಕೂಡಿಟ್ಟಿದ್ದೀರಿ?” ಎಂದು ಅತ್ತೆ ಮೇಡಂ ಅವರನ್ನು ಕೇಳಿದರು.

“ಯಾರಾದ್ರೂ ಅನುಮಾನಾಸ್ಪದವಾಗಿ ಸತ್ತಾಗ ಹೇಗೆ ಸತ್ತರು, ಯಾವುದರಿಂದ ಸತ್ತರು ಅಂತ ಡಾಕ್ಟರು ಹೇಳ್ಬೇಕಲ್ಲ. ಅದನ್ನ ಹುಡುಗರಿಗೆ ಇಲ್ಲಿ ಕಲಿಸ್ತೀವಿ.”

“ಅಂದ್ರೆ ಪೊಲೀಸರ ಕೋಣೆ ಅನ್ನಿ.”

“ಹೆಚ್ಚುಕಡಿಮೆ ಹಾಗೇ” ಎಂದು ಮೇಡಂ ನಕ್ಕರು.

ಮುಂದಿನ ಕೋಣೆಯಲ್ಲಿ ಸಾಲು ಸಾಲು ಜಾಡಿಗಳು. ಬೀಡಿ ಸೇದಿದವರ ಕಪ್ಪು ಶ್ವಾಸಕೋಶ, ಕುಡಿತದಿಂದ ಗಂಟುಗಂಟಾದ ಪಿತ್ತಜನಕಾಂಗ. ಮೂಲೆಯ ಕಪಾಟಿನ ಹತ್ತಿರ ಮೇಡಂ ನಿಂತರು. “ನೋಡಲೇಬೇಕು ಅಂತೇನಿಲ್ಲ ತಾಯಿ. ಬೇಡ ಅನ್ನಿಸಿದ್ರೆ ಈಗಲೇ ಹೊರಗೆ ಹೋಗೋಣ.”

“ನೋಡ್ತೀನಿ” ಎಂದಳು ಸೊಸೆ.

ಜಾಡಿಯೊಳಗೆ ಒಂದು ಮಗು ಕಾಲು ಮಡಚಿಕೊಂಡು ಕೂತಂತೆ ಇತ್ತು. ಹುಬ್ಬಿನ ಮೇಲೆ ತಲೆ ಬೆಳೆದಿರಲಿಲ್ಲ. ಉಳಿದದ್ದೆಲ್ಲ ಇತ್ತು. ಸೊಸೆ ಗಾಜಿನ ಹತ್ತಿರಕ್ಕೆ ಬಗ್ಗಿದಳು. ನರ್ಸಕ್ಕ ಅವಳ ರಟ್ಟೆ ಹಿಡಿದುಕೊಂಡರು.

“ಉಗುರೂ ಇದೆ” ಎಂದಳು ಮೆಲ್ಲಗೆ. “ನಂದೂ ಹೀಗೇ ಇತ್ತಾ?”

“ಹೀಗೇ ಇತ್ತಮ್ಮ. ಆಸ್ಪತ್ರೆಯ ಚೀಟೀಲಿ ಬರೆದಿತ್ತು” ಎಂದರು ನರ್ಸಕ್ಕ.

“ಇಷ್ಟೇನಾ? ನಾನು ಇನ್ನೂ ಏನೇನೋ ಅಂದ್ಕೊಂಡಿದ್ದೆ.” ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. “ನಿಂತು ಕೆಲಸ ಮಾಡಿದ್ದಕ್ಕೆ ಹೀಗಾಯ್ತಾ ಮೇಡಂ? ಹಬೆ ತಗುಲಿತಾ?”

“ಬಸುರಿ ಅಂತ ನಿನಗೆ ಗೊತ್ತಾಗಿದ್ದು ಯಾವಾಗ?”

“ಎರಡು ತಿಂಗಳ ಹತ್ತಿರ ಬಂದಾಗ.”

“ಅಷ್ಟರಲ್ಲಿ ಇದು ಆಗಿಹೋಗಿತ್ತು. ಗರ್ಭ ಕಟ್ಟಿದ ಮೊದಲ ತಿಂಗಳೊಳಗೇ ಮಗುವಿನ ತಲೆ, ಬೆನ್ನುಹುರಿ ಆಗೋ ಪದರದ ಅಂಚುಗಳು ಕೂಡಿಕೊಳ್ಳಬೇಕು, ಬಟ್ಟೆಯ ಎರಡು ಅಂಚು ಹೊಲಿಗೆಯಲ್ಲಿ ಸೇರೋ ಹಾಗೆ. ಎಲ್ಲೋ ಒಂದು ಕಡೆ ಕೂಡದೇ ಉಳಿದ್ರೆ ಹೀಗಾಗುತ್ತೆ. ಎಷ್ಟೋ ತಾಯಂದಿರಿಗೆ ಆಗ ಮುಟ್ಟು ನಿಂತದ್ದೂ ಗೊತ್ತಾಗಿರಲ್ಲ.”

“ಮತ್ತೆ ಯಾಕಾಗುತ್ತೆ?”

“ಪ್ರತಿಯೊಬ್ಬರಿಗೂ ಯಾಕಾಯ್ತು ಅಂತ ನಮಗೂ ಹೇಳೋಕೆ ಬರಲ್ಲ. ಮೈಯಲ್ಲಿ ಫೋಲಿಕ್ ಆಸಿಡ್ ಅನ್ನೋ ಸತ್ವ ಕಡಿಮೆ ಇರೋದು ದೊಡ್ಡ ಕಾರಣ. ಆ ಮಾತ್ರೆ ಗರ್ಭಕ್ಕೆ ಮುಂಚೇನೇ ಮೈಗೆ ಸೇರಿದ್ರೆ ಇಂಥವು ಬಹಳಷ್ಟು ತಪ್ಪುತ್ತವೆ. ಎಲ್ಲವೂ ತಪ್ಪುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ನಿಂತದ್ದಕ್ಕಲ್ಲ, ಹಬೆಗಲ್ಲ, ಕೊರಗಿದ್ದಕ್ಕೂ ಅಲ್ಲ.” ಮೇಡಂ ಹಿಂದಿನ ಕೋಣೆಯ ಕಡೆ ಕೈ ತೋರಿಸಿದರು. “ತಪ್ಪು ಯಾರದು ಅಂತ ಹುಡುಕೋ ಕೋಣೆ ಅದು. ಇಲ್ಲಿ ಹುಡುಕೋಕೆ ತಪ್ಪೇ ಇಲ್ಲ ತಾಯಿ.”

ಧೊಪ್ಪೆಂದು ಸದ್ದಾಯಿತು. ಅತ್ತೆ ಗೋಡೆಯ ಬದಿಯ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. ನರ್ಸಕ್ಕ ಓಡಿಹೋಗಿ ನೀರಿನ ಬಾಟಲಿ ಕೊಟ್ಟರು. ಅವರು ಕುಡಿಯಲಿಲ್ಲ.

“ಈ ಜಾಡಿ ಎಷ್ಟು ಹಳೇದಮ್ಮ?”

“ನಾನು ಇಲ್ಲಿ ಓದೋಕೆ ಬಂದಾಗಲೇ ಇತ್ತು.”

“ಹಾಗಾದ್ರೆ ಆವಾಗಲೂ ಡಾಕ್ಟರಿಗೆಲ್ಲ ಗೊತ್ತಿತ್ತು. ನಮಗೇ ಯಾರೂ ಹೇಳಲಿಲ್ಲ.” ಅತ್ತೆ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. “ನನ್ನ ಅಕ್ಕನಿಗೆ ಹೀಗೇ ಆಗಿತ್ತು. ಹೀಗೇ ಮಗು. ಇವಳ ಕಾಲ್ಗುಣ ಸರಿಯಿಲ್ಲ ಅಂತ ಗಂಡನ ಮನೆಯವರು ತವರಿಗೆ ತಂದು ಬಿಟ್ಟುಹೋದ್ರು. ಮತ್ತೆ ಕರೀಲೇ ಇಲ್ಲ. ಈಗಲೂ ಅಣ್ಣನ ಮನೇಲೇ ಇದ್ದಾಳೆ. ಎಲ್ಲರ ಮಕ್ಕಳ ಬಟ್ಟೆ ಒಗೆದಳು, ಎಲ್ಲರಿಗೂ ಬೇಯಿಸಿ ಹಾಕಿದಳು. ನನ್ನ ಮಗ ಹುಟ್ಟಿದಾಗ ನೋಡೋಕೆ ಬಂದ್ಲು. ನಾನು ಮಗೂನ ಅವಳ ಕೈಗೆ ಕೊಡಲಿಲ್ಲ. ಈಗ ತಾನೇ ಮಲಗಿದೆ ಅಂದೆ. ಅದು ಕಣ್ಣು ಬಿಟ್ಕೊಂಡೇ ಇತ್ತು.”

ಸೊಸೆ ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು.

ಕೆಳಗೆ ಗಂಡ ಬೆಂಚಿನಿಂದ ಕದಲಿರಲಿಲ್ಲ. ಸೊಸೆ ಅವನ ಪಕ್ಕ ಕೂತಳು.

“ನೋಡಿದೆ ರೀ.”

“ಹೂಂ.”

“ನಮ್ಮ ಮಗು ಯಾರ ಥರ ಇತ್ತು?”

ಅವನು ಉಗುರಿನ ಸಂದಿಯ ಗ್ರೀಸ್ ಕೆರೆಯುತ್ತಾ ಕೂತ. ಎದುರಿಗೆ ಆಂಬುಲೆನ್ಸ್ ಒಂದು ಬಂದು ನಿಂತು, ಖಾಲಿಯಾಗಿ ಹೋಯಿತು. “ಗಲ್ಲ ನಿನ್ನದೇ” ಎಂದ ಕೊನೆಗೆ. “ಅಚ್ಚು ಹಾಕಿದ ಹಾಗೆ. ಹೇಳಿದ್ರೆ ನೀನು ತಡ್ಕೊಳ್ಳಲ್ಲ ಅಂದ್ಕೊಂಡೆ. ನಿಜ ಹೇಳ್ಬೇಕು ಅಂದ್ರೆ ನನಗೇ ತಡೆಯೋಕಾಗ್ತಿರಲಿಲ್ಲ.” ಆಮೇಲೆ ನರ್ಸಕ್ಕನ ಕಡೆ ತಿರುಗಿದ. “ಆ ಮಾತ್ರೆಗೆ ಯಾವ ಡಾಕ್ಟರನ್ನ ನೋಡ್ಬೇಕು?”

ಅದೇ ಆಸ್ಪತ್ರೆಯ ಹೆರಿಗೆ ವಿಭಾಗದ ಡಾಕ್ಟರನ್ನು ಕಂಡರು. ಒಮ್ಮೆ ಹೀಗಾದವರಿಗೆ ಬೇರೆಯವರಿಗಿಂತ ಹೆಚ್ಚು ಪ್ರಮಾಣದ ಮಾತ್ರೆ ಬೇಕು, ಅದನ್ನು ತಾವೇ ನಿರ್ಧರಿಸಿ ನುಂಗಬಾರದು ಎಂದು ಹೇಳಿ ಡಾಕ್ಟರು ಬರೆದುಕೊಟ್ಟರು. ಮುಂದೆ ಗರ್ಭ ನಿಂತರೆ ತಡಮಾಡದೆ ಬರಬೇಕು, ಹೇಳಿದ ತಿಂಗಳಲ್ಲಿ ಸ್ಕ್ಯಾನ್ ತಪ್ಪಿಸಬಾರದು ಎಂದೂ ಹೇಳಿದರು.

ಈಗ ಸೊಸೆ ದಿನಾ ಊಟವಾದ ಮೇಲೆ ಮಾತ್ರೆ ನುಂಗುತ್ತಾಳೆ. ಮರೆತರೆ ಅತ್ತೆಯೇ, “ಏ ಹುಡುಗಿ, ಮಾತ್ರೆ ಎಲ್ಲಿ?” ಎಂದು ಗದರುತ್ತಾರೆ. ಲಾಂಡ್ರಿಯ ಕೆಲಸ ಬಿಟ್ಟಿಲ್ಲ. ಮಗು ಆಯಿತೇ ಎಂದು ನೀವು ಕೇಳಬಹುದು. ಇನ್ನೂ ಇಲ್ಲ. ಮೈಮನಸ್ಸು ಎರಡೂ ಸುಧಾರಿಸಲಿ ಎಂದು ಗಂಡ ಹೆಂಡತಿ ಕಾಯುತ್ತಿದ್ದಾರೆ.

ಮ್ಯೂಸಿಯಂನಿಂದ ಬಂದ ಮರುದಿನ ಅತ್ತೆ ತಮ್ಮ ಅಕ್ಕನಿಗೆ ಫೋನು ಮಾಡಿದರು. ಮೇಡಂ ಹೇಳಿದ್ದನ್ನೆಲ್ಲ ತಮಗೆ ತಿಳಿದ ಹಾಗೆ ಹೇಳಿದರು. “ನಿನ್ನ ತಪ್ಪೇನೂ ಇರಲಿಲ್ಲವಂತೆ ಅಕ್ಕಾ. ನಾನೂ ನಿನ್ನನ್ನ ದೂರ ಇಟ್ಟೆ” ಎಂದರು.

ಲೈನ್ ಹೋಯಿತೇನೋ ಎಂದು ಅತ್ತೆ ಎರಡು ಸಲ “ಹಲೋ” ಎಂದರು.

“ಈಗ ಹೇಳಿ ಏನುಪಯೋಗ?” ಎಂದರು ಅಕ್ಕ. ದಣಿದ ದನಿ. ಫೋನು ಇಡುತ್ತಾರೆಂದುಕೊಂಡರೆ ಇಡಲಿಲ್ಲ. “ಆದ್ರೂ ಇನ್ನೊಂದು ಸಲ ಹೇಳೇ. ನಿಧಾನಕ್ಕೆ ಹೇಳು.”

ಅಕ್ಕತಂಗಿಯರೇ, ಮಗು ಬೇಕೆಂದುಕೊಂಡಿದ್ದರೆ ಗರ್ಭ ನಿಲ್ಲುವವರೆಗೆ ಕಾಯಬೇಡಿ. ಕನಿಷ್ಠ ಒಂದು ತಿಂಗಳು ಮೊದಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ. ಗರ್ಭ ನಿಂತ ಮೇಲೂ ಮೊದಲ ಮೂರು ತಿಂಗಳು ಬಿಡಬೇಡಿ. ಸೊಪ್ಪು, ಕಾಳು ಒಳ್ಳೆಯವು, ತಿನ್ನಿ. ಆದರೆ ಅವುಗಳನ್ನು ನೆಚ್ಚಿಕೊಂಡು ಮಾತ್ರೆ ಬಿಡಬೇಡಿ. ಹಿಂದೆ ಇಂಥ ಮಗು ಹುಟ್ಟಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೂರ್ಛೆ ರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ. ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ನಾಚಿಕೆಪಡಬೇಡಿ. ಗಂಡಂದಿರೇ, ನೀವೂ ಜೊತೆಗೆ ಹೋಗಿ.

ಈ ಮಾತ್ರೆ ತಡವಾದರೆ ಉಪಯೋಗಕ್ಕೆ ಬರುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ, ನೆಂಟರಲ್ಲಿ, ಇಂಥದೊಂದು ಮಗುವನ್ನು ಕಳೆದುಕೊಂಡು ತಲೆತಗ್ಗಿಸಿ ಬದುಕಿದ ಹೆಂಗಸಿದ್ದರೆ, ಅವಳ ತಪ್ಪಲ್ಲ ಎಂಬ ಮಾತನ್ನು ಅವಳಿಗೆ ಎಷ್ಟು ತಡವಾಗಿಯಾದರೂ ಹೇಳಿ. ಅವಳು ಅದಕ್ಕಾಗಿ ಇನ್ನೂ ಕಾದು ಕೂತಿರಬಹುದು.