ಕಿಟಕಿಗೆ ಕಟ್ಟಿದ ಅಡಾಪ್ಟರ್

ಚಿಲಿಯ ಚಿಲೋಯೆ ಕಡಲಿನ ಆ ಸಣ್ಣ ದ್ವೀಪದಿಂದ ಪೇಟೆಗೆ ದೋಣಿ ಹೋಗಿಬರುವುದು ಸೋಮವಾರ ಮತ್ತು ಗುರುವಾರ ಮಾತ್ರ. ಪೇಟೆಯಿಂದ ತಪ್ಪು ಸಾಮಾನು ತಂದವರು ಮುಂದಿನ ದೋಣಿಯವರೆಗೆ ಆ ತಪ್ಪಿನ ಜೊತೆಗೇ ಬಾಳಬೇಕು. ಈ ಸಲದ ಸರದಿ ಎಲ್ಸೀರಾ ಚಿಗ್ವಾಯ್‌ಳದು.

ಎಲ್ಸೀರಾ ಕಡಲ ನೀರು ಇಳಿದ ಹೊತ್ತಿನಲ್ಲಿ ಕಡಲಪಾಚಿ ಆಯುವವಳು. ಗಂಡ ಬೆಲಾರ್ಮಿನೊ, ದೋಣಿಯ ಮೇಲಿನ ಯಂತ್ರ ಕೊಳವೆಯಲ್ಲಿ ಕಳಿಸುವ ಗಾಳಿ ಉಸಿರಾಡುತ್ತಾ, ಇಪ್ಪತ್ತಾರು ವರ್ಷ ಚಿಪ್ಪಿಗಾಗಿ ಕಡಲಲ್ಲಿ ಮುಳುಗಿದವನು. ಆಳದಿಂದ ಅವಸರವಾಗಿ ಮೇಲೆ ಬಂದದ್ದರ ಫಲವಾಗಿ ಈಗ ಅವನ ಸೊಂಟದ ಮೂಳೆ ಸವೆದಿದೆ. ಶುಕ್ರವಾರ ಹತ್ತು ಗಂಟೆಗೆ ನಗರದ ಮೂಳೆ ವೈದ್ಯೆ ಕಂಪ್ಯೂಟರಿನ ಪರದೆಯಲ್ಲೇ ಅವನನ್ನು ನೋಡುವವರಿದ್ದರು. ಆ ಸರದಿ ಬರಲು ಹದಿನಾಲ್ಕು ತಿಂಗಳು ಹಿಡಿದಿತ್ತು. ತಪ್ಪಿದರೆ ಮತ್ತೆ ಸಾಲಿನ ಬಾಲಕ್ಕೆ.

ಪಾಚಿ ಆಯುವವರ ಸಂಘ ಕೊಟ್ಟ ಹಳೆಯ ಕಂಪ್ಯೂಟರ್ ಮನೆಯಲ್ಲಿತ್ತು. ಇಂಟರ್ನೆಟ್ ಇದ್ದದ್ದು ನಲವತ್ತು ಹೆಜ್ಜೆ ಮೇಲಿನ ಊರ ಸಭಾಭವನದಲ್ಲಿ. ಆ ಕೆಸರಿನ ಏರು ಬೆಲಾರ್ಮಿನೊನ ಸೊಂಟಕ್ಕೆ ಆಗದು. ಗಾಳಿಯಲ್ಲಿ ಬರುವ ಇಂಟರ್ನೆಟ್ಟನ್ನು ಹಿಡಿದುಕೊಡುವ ಯುಎಸ್‌ಬಿ ಅಡಾಪ್ಟರ್ ಎಂಬುದೊಂದಿದೆ ಎಂದು ಕೇಳಿ, ಎಲ್ಸೀರಾ ಸೋಮವಾರ ಪೇಟೆಗೆ ಹೋಗಿದ್ದಳು. ಎಲ್ಲಕ್ಕಿಂತ ವೇಗದ್ದು ಕೊಡಿ ಎಂದಳು. ಅಂಗಡಿಯವನು ಉಗುರಿನಷ್ಟು ಪುಟ್ಟದೊಂದು ಕೊಟ್ಟ.

ಮನೆಗೆ ತಂದು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದರೆ ಸಭಾಭವನದ ಹೆಸರು ಪರದೆಯಲ್ಲಿ ಒಮ್ಮೆ ಮಿನುಗಿ ಮಾಯವಾಯಿತು.

ಮಂಗಳವಾರ ಆರೋಗ್ಯ ಕೇಂದ್ರದ ದಾದಿ ಯಾಸ್ನಾ ರಕ್ತದೊತ್ತಡ ನೋಡಲು ಬಂದಳು. ಒಲೆಯ ಪಕ್ಕದ ಬೆಂಚಿನಲ್ಲಿ ಕೂತು, ಅವರು ಸೋರೆಬುರುಡೆಯಲ್ಲಿ ಕೊಟ್ಟ 'ಮಾತೆ' ಎಂಬ ಎಲೆಯ ಕಷಾಯವನ್ನು ಹೀರಿ ಬುರುಡೆ ಹಿಂತಿರುಗಿಸಿದಳು. ಅಡಾಪ್ಟರಿನ ಕತೆ ಕೇಳಿ, ಶುಕ್ರವಾರ ತನ್ನ ಫೋನನ್ನಾದರೂ ಕೊಡೋಣವೆಂದರೆ ಆ ದಿನ ಪಕ್ಕದ ದ್ವೀಪದಲ್ಲಿ ತನಗೆ ಕೆಲಸ ಎಂದಳು.

"ಬಿಡಮ್ಮ, ಆ ಡಾಕ್ಟ್ರೇನು ಪರದೆಯೊಳಗಿಂದ ಕೈ ಹಾಕಿ ಮೂಳೆ ಹಿಡಿದು ನೋಡ್ತಾರಾ?" ಎಂದ ಬೆಲಾರ್ಮಿನೊ. "ಇವಳು ದುಡ್ಡು ಕೊಟ್ಟು ನೊಣ ತಂದಿದಾಳೆ."

"ನೊಣ ಆಗಿದ್ರೆ ಹಾರಿ ಹೋಗಿಯಾದ್ರೂ ಇಂಟರ್ನೆಟ್ ಹಿಡ್ಕೊಂಡು ಬರ್ತಿತ್ತು," ಎಂದಳು ಎಲ್ಸೀರಾ. ಆದರೆ ಅವಳಿಗೂ ನಂಬಿಕೆ ಕುಂದಿತ್ತು.

ಯಾಸ್ನಾ ಫೋನು ಹಿಡಿದು ಮನೆಯಲ್ಲೆಲ್ಲ ನಡೆದಳು. ಒಲೆಯ ಹತ್ತಿರ ಇಂಟರ್ನೆಟ್ಟಿನ ಸಿಗ್ನಲ್ ಇಲ್ಲವೆನ್ನುವಷ್ಟು ಕಡಿಮೆ. ಸಭಾಭವನದ ಕಡೆಯ ಕಿಟಕಿಯಲ್ಲಿ ಸಾಕಷ್ಟು. ಕಾರಣ ಅವಳಿಗೆ ಹೊಳೆಯಿತು. ಆ ಊರಿನ ಎಲ್ಲರಂತೆ ಇವರೂ ಬದುಕುವುದು ಕಬ್ಬಿಣದ ದೊಡ್ಡ ಒಲೆಯ ಸುತ್ತ. ತೇವ ತಗಲದಿರಲೆಂದು ಕಂಪ್ಯೂಟರನ್ನೂ ಅದರ ಪಕ್ಕದಲ್ಲೇ ಇಟ್ಟಿದ್ದರು. ಗೋಡೆಗೆ ಹೊರಗಿನಿಂದ ತಗಡು. ತಗಡು, ಒಲೆ, ಕಂಪ್ಯೂಟರಿನ ಲೋಹದ ಪೆಟ್ಟಿಗೆ, ಈ ಮೂರರ ನಡುವೆ ಆ ಉಗುರಿನಷ್ಟು ವಸ್ತು ಅವಿತಿತ್ತು.

"ಬೆಲಾರ್ಮಿನೊ ಅವ್ರೇ, ಗಾಳಿಯ ಕೊಳವೆ ಬಂಡೆ ಸಂದಿಗೆ ಸಿಕ್ಕಿ ಉಸಿರು ಕಟ್ಟಿದ್ರೆ ನೀವು ದೋಣಿ ಮೇಲಿನ ಯಂತ್ರಾನ ಬೈತಿದ್ರಾ?" ಎಂದು ಕೇಳಿದಳು.

ಬೆಲಾರ್ಮಿನೊ ಕೊರಳು ಚಾಚಿ ಕಿಟಕಿಯ ಕಡೆ ನೋಡಿದ. ಆದರೆ ಕಂಪ್ಯೂಟರನ್ನು ಕಿಟಕಿಗೆ ಒಯ್ಯಲು ಒಪ್ಪಲಿಲ್ಲ. ಆ ಚಳಿಯಲ್ಲಿ ಅರ್ಧ ಗಂಟೆ ಕೂತರೆ ತನ್ನ ಸೊಂಟ ಏಳುವುದಿಲ್ಲ ಎಂದ. ಅದು ನೆಪವಲ್ಲ ಎಂದು ಇಬ್ಬರು ಹೆಂಗಸರಿಗೂ ಗೊತ್ತಿತ್ತು.

"ನೀವು ಏಳಬೇಡಿ, ಕಂಪ್ಯೂಟರೂ ಏಳೋದು ಬೇಡ," ಎಂದಳು ಯಾಸ್ನಾ. "ಅಡಾಪ್ಟರ್ ಒಂದೇ ಕಿಟಕಿಗೆ ಹೋಗ್ಲಿ. ಮಧ್ಯೆ ಮೂರು ಮೀಟರ್ ಯುಎಸ್‌ಬಿ ತಂತಿ ಸಾಕು."

ಈ ಪುಟ್ಟ ಅಡಾಪ್ಟರ್ ಒಂದೇ ಕೋಣೆಗೆ ಸರಿ, ದೂರಕ್ಕೆ ಹೊರಗೆ ಚಾಚುವ ಆಂಟೆನಾ ಇರುವುದೇ ಬೇಕು ಎಂದಳು. ಐದು ಗಿಗಾಹರ್ಟ್ಸ್ ಎನ್ನುವ ವೇಗದ ಅಲೆ ಗೋಡೆ ದಾಟುವಾಗ ಸೋಲುತ್ತದೆ, 2.4 ಎನ್ನುವ ನಿಧಾನದ ಅಲೆ ಹೆಚ್ಚು ದೂರ ಬರುತ್ತದೆ. ಸಭಾಭವನದಲ್ಲಿರುವ ಹಳೆಯ ರೌಟರ್ ಪೆಟ್ಟಿಗೆ ಕಳಿಸುವುದಂತೂ ನಿಧಾನದ್ದನ್ನೇ. ಹಾಗಾಗಿ ವೇಗಕ್ಕೆಂದು ಕೊಟ್ಟ ಹೆಚ್ಚಿನ ಬೆಲೆ ದಂಡ. ಇನ್ನೊಂದು ಜಾತಿಯ ಅಡಾಪ್ಟರ್ ನೋಡಲು ಹೀಗೇ ಇದ್ದು, ಬ್ಲೂಟೂತ್‌ನಲ್ಲಿ ಹೆಡ್‌ಫೋನು, ಮೌಸುಗಳನ್ನಷ್ಟೇ ಕೂಡಿಸುತ್ತದೆ. ಅದನ್ನು ತಂದು ಮೋಸಹೋಗಬಾರದು. ಕೊನೆಗೆ ಕಂಪ್ಯೂಟರಿನ ವಿಂಡೋಸ್ ಯಾವುದೆಂದು ನೋಡಿ ಚೀಟಿಯಲ್ಲಿ ಬರೆದಳು. ಚುಚ್ಚಿದ ಕೂಡಲೆ ಈ ವಿಂಡೋಸ್ ಅಡಾಪ್ಟರನ್ನು ತಾನೇ ಗುರುತು ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಬೇಕು. ಇಲ್ಲವಾದರೆ ಅದಕ್ಕೆ ಬೇಕಾದ ತಂತ್ರಾಂಶವನ್ನು ಇಂಟರ್ನೆಟ್ಟಿನಿಂದಲೇ ತರಬೇಕಾಗುತ್ತದೆ, ಆ ಇಂಟರ್ನೆಟ್ಟೇ ಇಲ್ಲ.

ಗುರುವಾರದ ದೋಣಿಯಲ್ಲಿ ಎಲ್ಸೀರಾ ಚೀಟಿಯ ಸಮೇತ ಹೋದಳು. ಅಂಗಡಿಯವನು ಮತ್ತೆ ಪುಟ್ಟದನ್ನೇ ಮುಂದೆ ಮಾಡಿದಾಗ ಚೀಟಿಯನ್ನು ಮೇಜಿನ ಮೇಲಿಟ್ಟು, "ನಮ್ಮದು ತಗಡಿನ ಮನೆ, ನಲವತ್ತು ಹೆಜ್ಜೆ ದೂರ. ಅದಕ್ಕೆ ತಕ್ಕದ್ದು ಕೊಡಪ್ಪ," ಎಂದಳು. ಹಳೆಯದನ್ನು ವಾಪಸು ತೆಗೆದುಕೊಂಡು ಅವನು ಆಂಟೆನಾ ಇರುವ ಅಡಾಪ್ಟರನ್ನೂ ಮೂರು ಮೀಟರ್ ತಂತಿಯನ್ನೂ ಕೊಟ್ಟ. ಬೆಲೆ ಕಡಿಮೆಯೇ ಆಯಿತು.

ಸಂಜೆ ಬೆಲಾರ್ಮಿನೊ ತಂತಿಯನ್ನು ಕೈಯಲ್ಲಿ ಅಳೆದ. ಹಿಂದೆ ಗಾಳಿಯ ಕೊಳವೆಯನ್ನು ಸೊಂಟದ ಪಟ್ಟಿಗೆ ಬಿಗಿಯುತ್ತಿದ್ದ ಗಂಟಿನಿಂದಲೇ ಅಡಾಪ್ಟರನ್ನು ಕಿಟಕಿಯ ಚೌಕಟ್ಟಿಗೆ ಕಟ್ಟಿದ. ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ.

ಶುಕ್ರವಾರ ಹತ್ತಕ್ಕೆ ಪರದೆಯಲ್ಲಿ ವೈದ್ಯೆಯ ಮುಖ ಮೂಡಿತು. ಅವರು ಮೊದಲೇ ಕಳಿಸಿದ್ದ ಎಕ್ಸ್‌ರೇ ನೋಡಿದರು, ಪ್ರಶ್ನೆ ಕೇಳಿದರು. ಆಮೇಲೆ ನಡೆದು ತೋರಿಸಲು ಹೇಳಿದರು. ಬೆಲಾರ್ಮಿನೊ ಒಲೆಯಿಂದ ಕಿಟಕಿಯವರೆಗೆ ಕುಂಟುತ್ತಾ ಹೋದ, ತಂತಿಯನ್ನು ಜೋಪಾನವಾಗಿ ದಾಟಿ ಹಿಂತಿರುಗಿದ. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಮಾರ್ಚ್ ತಿಂಗಳಿಗೆ ಶಸ್ತ್ರಚಿಕಿತ್ಸೆ ಎಂದು ವೈದ್ಯೆ ಬರೆದುಕೊಂಡರು.

ಪರದೆ ಆರಿದ ಮೇಲೆ ಅವನು ಕಿಟಕಿಯ ಕಡೆ ನೋಡಿ, "ಗಂಟು ಬಿಚ್ಚಬೇಡ. ಮಾರ್ಚ್‌ವರೆಗೂ ಇರ್ಲಿ," ಎಂದ.

ಓದುವ ನೀವೂ ಅಡಾಪ್ಟರ್ ಕೊಳ್ಳುವ ಮೊದಲು ಒಮ್ಮೆ ನಿಮ್ಮ ಮನೆಯಲ್ಲಿ ಫೋನು ಹಿಡಿದು ನಡೆಯಿರಿ. ಏನನ್ನು ಕೂಡಿಸಬೇಕು, ಎಷ್ಟು ದೂರದಿಂದ, ನಡುವೆ ಯಾವ ಗೋಡೆ, ನಿಮ್ಮ ಕಂಪ್ಯೂಟರ್ ಯಾವುದು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಗೆ ಹಣದ ಜೊತೆ ಆ ಚೀಟಿಯನ್ನೂ ಒಯ್ಯಿರಿ.