ಆಸ್ಪತ್ರೆ ಚಾವಣಿಗೆ ಡ್ರೋನ್ ಹಾರಿಸುವ ಮುಂಚೆ

ಮಳೆ ಶುರುವಾಗಿ ಮನೆ ಸೋರತೊಡಗಿದರೆ ಊರಿನ ಅರ್ಧ ಜನಕ್ಕೆ ನೆನಪಾಗುವುದು ನಮ್ಮ ಯಜಮಾನರು. ಮೂವತ್ತು ವರ್ಷದಿಂದ ಚಾವಣಿ ರಿಪೇರಿಯೇ ಅವರ ಕೆಲಸ. ಎಲ್ಲರೂ ಕರೆಯುವುದು ಏಣಿಯಪ್ಪ ಎಂದೇ. ಹೋದ ವರ್ಷ ಎರಡನೇ ಮಹಡಿಯಿಂದ ಜಾರಿ ಬಿದ್ದು, ತೊಡೆಯೊಳಗೆ ರಾಡು ಹಾಕಿಸಿಕೊಂಡರು. "ಇನ್ನೊಂದು ಸಲ ಏಣಿ ಹತ್ತಿದ್ರೆ ನಾನು ಈ ಮನೇಲಿ ಇರಲ್ಲ ನೋಡಿ" ಎಂದು ಅವತ್ತೇ ಹೇಳಿಬಿಟ್ಟೆ. ಅದಕ್ಕೇ ಅಳಿಯಂದಿರು ಒಂದು ಡ್ರೋನ್ ತಂದುಕೊಟ್ಟರು. ನೆಲದ ಮೇಲೆ ನಿಂತೇ ಒಡೆದ ಹೆಂಚು ಕಾಣುತ್ತದೆ ಎಂದು ಗೊತ್ತಾದಾಗ ನಾನು ಅತ್ತೇಬಿಟ್ಟೆ.

ಈ ಸಲ ಆಸ್ಪತ್ರೆಯಿಂದ ಕರೆ ಬಂತು. ಹಳೇ ಕಟ್ಟಡದ ಮಕ್ಕಳ ವಾರ್ಡ್ ಸೋರುತ್ತಿದೆಯಂತೆ. ಇವರು ಊಟದ ಮೇಜಿನ ಮೇಲೆ ಬ್ಯಾಟರಿ ಚಾರ್ಜ್‌ಗೆ ಹಾಕಿ ಕುಳಿತಿದ್ದಾಗ ಪಕ್ಕದ ಮನೆಯ ಸರ್ವೆ ಅಕ್ಕ ಬಂದರು. ಜಮೀನು ಅಳೆಯುವ ಕಂಪನಿಯಲ್ಲಿ ಡ್ರೋನ್ ಹಾರಿಸುವುದೇ ಅವರ ನೌಕರಿ.

"ಎಲ್ಲಿಗಣ್ಣ ಸವಾರಿ?"

"ನಾಳೆ ಬೆಳಿಗ್ಗೆ ಆಸ್ಪತ್ರೆ ಚಾವಣಿಗೆ."

"ಪರ್ಮಿಷನ್ ತಗೊಂಡ್ರಾ?"

"ಡ್ರೋನ್ ನೋಂದಣಿ ಆಗಿದೆಯಲ್ಲ ಅಕ್ಕ! ನೋಡಿ, ನಂಬರೂ ಅಂಟಿಸಿದೀನಿ."

"ಅದು ಡ್ರೋನಿನ ನಂಬರು. ನಿಮ್ಮ ಲೈಸೆನ್ಸ್ ಎಲ್ಲಿ? ಬೈಕಿಗೆ ನಂಬರ್ ಪ್ಲೇಟ್ ಇದ್ರೆ ಓಡಿಸೋರಿಗೆ ಲೈಸೆನ್ಸ್ ಬೇಡ್ವಾ? ಸಂಪಾದನೆಗೆ ಹಾರಿಸೋರು ಪರೀಕ್ಷೆ ಪಾಸಾಗಿರ್ಬೇಕು."

ಇವರ ಮುಖ ಸಪ್ಪಗಾಯಿತು. ಆದರೂ ಅಷ್ಟು ಸುಲಭಕ್ಕೆ ಸೋಲೊಪ್ಪುವ ಆಸಾಮಿಯಲ್ಲ. "ನಾನೇನು ಮೋಡಕ್ಕೆ ಮುಟ್ಟಿಸ್ತೀನಾ? ಹತ್ತೇ ಹತ್ತಡಿ. ಅದಕ್ಕೆಂಥ ಕಾನೂನು?"

ಚಾವಣಿ ಕೆಲಸದವರ ಬುದ್ಧಿಯೇ ಹೀಗೆ. ಅವರಿಗೆ ಎತ್ತರ ಎಂದರೆ ಹೆಂಚಿನಿಂದ ಮೇಲಕ್ಕೆ. ಕೆಳಗೆ ನೆಲ ಇದೆ ಎನ್ನುವುದು ಬಿದ್ದಾಗ ಮಾತ್ರ ನೆನಪು.

"ಹೆಂಚಿಂದ ಹತ್ತಡಿ ಅಂದ್ರೆ ನೆಲದಿಂದ ಐವತ್ತಡಿ ಅಣ್ಣ. ಅದಿರ್ಲಿ, ಇಲ್ನೋಡಿ." ಅಕ್ಕ ಮೊಬೈಲಿನಲ್ಲಿ ಒಂದು ನಕ್ಷೆ ತೆರೆದರು. ಆಸ್ಪತ್ರೆಯ ಸುತ್ತ ಕೆಂಪು ಬಣ್ಣ. "ಪಕ್ಕದಲ್ಲೇ ಹೆಲಿಕಾಪ್ಟರ್ ಇಳಿಯೋ ಜಾಗ ಇದೆ. ಅನುಮತಿ ಇಲ್ಲದೆ ಇಲ್ಲಿ ಒಂದಡಿನೂ ಹಾರಿಸೋ ಹಾಗಿಲ್ಲ."

"ನಾನು ಅಲ್ಲಿ ಎಷ್ಟು ಸಲ ಕೆಲಸ ಮಾಡಿದೀನಿ, ಒಂದು ಹೆಲಿಕಾಪ್ಟರೂ ಕಂಡಿಲ್ಲ."

"ಅದೇನು ಬಸ್ಸಾ, ಟೈಮಿಗೆ ಸರಿಯಾಗಿ ಬರೋಕೆ? ಯಾರದೋ ಜೀವಕ್ಕೆ ಕುತ್ತು ಬಂದಾಗ ಬರುತ್ತೆ."

ಅಕ್ಕ ನಿಧಾನವಾಗಿ ಬಿಡಿಸಿ ಹೇಳಿದರು. "ಆಕಾಶದ ನಿಯಮ ದೇಶದ ಸರ್ಕಾರದ್ದು. ನೋಂದಣಿ, ಲೈಸೆನ್ಸು, ಎಷ್ಟೆತ್ತರ, ಎಲ್ಲಿ ಅನ್ನೋದೆಲ್ಲ ಅವರು ಹೇಳ್ತಾರೆ. ಆದ್ರೆ ನಿಮ್ಮ ಕಾಲು ನೆಲದ ಮೇಲಿರುತ್ತಲ್ಲ, ಅಲ್ಲಿ ರಾಜ್ಯದ ನಿಯಮ, ಊರಿನ ನಿಯಮನೂ ಇರ್ಬಹುದು. ಯಾರ ಜಾಗದಿಂದ ಹಾರಿಸ್ತೀರಿ, ಯಾರ ಕಿಟಕಿಯೊಳಗೆ ಕ್ಯಾಮೆರಾ ಇಣುಕುತ್ತೆ, ಅದೆಲ್ಲ. ಮಕ್ಕಳ ವಾರ್ಡು ಅಣ್ಣ, ತಾಯಂದಿರು ಹಾಲು ಕೊಡ್ತಿರ್ತಾರೆ. ದೇಶದ ಕಾಗದ ಇದೆ ಅಂತ ರಾಜ್ಯದ್ದು ಮಾಫಿ ಆಗಲ್ಲ."

ಇವರು ಮುಖ ಊದಿಸಿಕೊಂಡು ಎದ್ದರು. "ಸರಿ ಬಿಡಿ. ಏಣಿನೇ ಹತ್ತುತ್ತೀನಿ."

"ರೀ!" ಎಂದು ಕೂಗಿಯೇಬಿಟ್ಟೆ.

"ಬೇಡ ಅಂತ ಯಾರಂದ್ರು? ಕೇಳಿ ಹಾರಿಸಿ ಅಂದೆ ಅಷ್ಟೆ" ಎಂದು ಅಕ್ಕ ನಕ್ಕರು. "ನನ್ನ ಲೈಸೆನ್ಸ್ ಇದೆ. ನಾನು ಹಾರಿಸ್ತೀನಿ, ನೀವು ಹೆಂಚು ನೋಡಿ."

ಅಲ್ಲೇ ಕುಳಿತು ಮೊಬೈಲಿನಲ್ಲೇ ಹಾರಾಟದ ಅನುಮತಿಗೆ ಅರ್ಜಿ ತುಂಬಿದರು. ಆಸ್ಪತ್ರೆಯಿಂದ ಒಪ್ಪಿಗೆ ಪತ್ರ ತಂದದ್ದಾಯಿತು, ರಾಜ್ಯದ ಕಚೇರಿಯಲ್ಲಿ ವಿಚಾರಿಸಿದ್ದೂ ಆಯಿತು. ಎಂಟು ದಿನ ಇವರು ಗಳಿಗೆಗೊಮ್ಮೆ ಫೋನ್ ನೋಡಿದರು. ಒಂಬತ್ತನೇ ದಿನ ಅನುಮತಿ ಬಂತು. ಬೆಳಿಗ್ಗೆ ಏಳರಿಂದ ಒಂಬತ್ತು. ಅಕ್ಕನ ಫೋನ್ ನಂಬರು ಹೆಲಿಕಾಪ್ಟರ್ ನೋಡಿಕೊಳ್ಳುವವರ ಬಳಿ ಇರಬೇಕು ಎಂಬುದೊಂದು ಷರತ್ತು.

ಹಾರಿಸುವ ದಿನ ನಾನೂ ಹೋಗಿದ್ದೆ. ಅಕ್ಕನ ಕಣ್ಣು ಡ್ರೋನ್ ಬಿಟ್ಟು ಕದಲಲಿಲ್ಲ. ಇವರ ಕಣ್ಣು ಪರದೆಯ ಮೇಲೆ. "ಅಲ್ಲಿ! ಆ ಸಾಲಲ್ಲಿ ಏಳು ಒಡೆದಿವೆ!" ಎಂದು ಇವರು ಕುಣಿದಾಡುವ ಹೊತ್ತಿಗೆ ಸರಿಯಾಗಿ ಅಕ್ಕನ ಫೋನ್ ರಿಂಗಾಯಿತು. ನಾನೇ ಎತ್ತಿದೆ. ಹೆಲಿಕಾಪ್ಟರ್ ನೋಡಿಕೊಳ್ಳುವವರು.

"ಹೆಲಿಕಾಪ್ಟರ್ ಬರ್ತಿದೆ. ತಕ್ಷಣ ಇಳಿಸಿ."

ನಾನು ಕೂಗಿ ಹೇಳಿದೆ, ನಿಮಿಷದೊಳಗೆ ಡ್ರೋನ್ ನೆಲದ ಮೇಲಿತ್ತು. ಇನ್ನು ನಾಲ್ಕು ನಿಮಿಷಕ್ಕೆ ಕಿವಿ ಗಡಚಿಕ್ಕುವ ಸದ್ದು. ಹೆಲಿಕಾಪ್ಟರ್ ಹಳೇ ಕಟ್ಟಡದ ಮೇಲಿಂದಲೇ, ನಮ್ಮ ಡ್ರೋನ್ ಇದ್ದ ಕಡೆಯಿಂದಲೇ ಇಳಿಯಿತು. ಸ್ಟ್ರೆಚರ್ ಮೇಲೆ ಒಬ್ಬ ಗಂಡಸು, ಕಾಲಲ್ಲಿ ಸಿಮೆಂಟು ಮೆತ್ತಿದ ಬೂಟು. ನರ್ಸ್‌ಗಳು ಓಡಿದರು.

ಇವರು ನನ್ನ ಕೈ ಹಿಡಿದುಕೊಂಡರು. "ಯಾರನ್ನೂ ಕೇಳದೆ ನಾನೊಬ್ನೇ ಬಂದು ಹಾರಿಸಿದ್ದಿದ್ರೆ... ಇಳಿಸು ಅಂತ ಹೇಳೋಕೆ ನನ್ನ ನಂಬರು ಯಾರ ಹತ್ರ ಇರ್ತಿತ್ತೇ?"

ಸಂಜೆ ಆಸ್ಪತ್ರೆಯ ನರ್ಸ್ ಒಬ್ಬರು ಫೋನ್ ಮಾಡಿ, ಆ ಮನುಷ್ಯ ಉಳಿದರು ಎಂದಾಗ ನಮಗೆ ಹೋದ ಜೀವ ಬಂದಂತಾಯಿತು. ಮಾರನೆಯ ದಿನ ಇವರ ಕೆಲಸದವರು ಬೆಲ್ಟ್ ಕಟ್ಟಿಕೊಂಡು ಹತ್ತಿ ಆ ಏಳು ಹೆಂಚು ಬದಲಿಸಿದರು. ವಾರ್ಡ್ ಈಗ ಸೋರುವುದಿಲ್ಲ. ನಮ್ಮವರು ಕನ್ನಡಕ ಏರಿಸಿ ಪರೀಕ್ಷೆಗೆ ಓದುತ್ತಿದ್ದಾರೆ, ಪ್ರಶ್ನೆ ಕೇಳುವುದು ನಾನು. ತಪ್ಪು ಹೇಳಿದರೆ ಬೈಯುವ ಅವಕಾಶವನ್ನು ನಾನು ಬಿಡುವುದಿಲ್ಲ.

ನಿಮ್ಮ ಮನೆಯಲ್ಲೂ ಡ್ರೋನ್ ಇದೆಯೇ? ಮೊದಲು ನಿಮ್ಮ ದೇಶದ ವಿಮಾನಯಾನ ಇಲಾಖೆಯ ನಿಯಮ ಓದಿ. ಆಮೇಲೆ ನಿಮ್ಮ ರಾಜ್ಯ, ನಿಮ್ಮ ಊರಿನವರನ್ನು ಕೇಳಿ. ಹೊರಡುವ ಮುಂಚೆ ನಕ್ಷೆ ನೋಡಿ, ಜಾಗದವರ ಒಪ್ಪಿಗೆ ಪಡೆಯಿರಿ, ಜನರ ತಲೆಯ ಮೇಲೆ ಹಾರಿಸಬೇಡಿ, ಕಣ್ಣಿಗೆ ಕಾಣದಷ್ಟು ದೂರ ಬಿಡಬೇಡಿ. ನಮಗೆ ಹಿಡಿದದ್ದು ಒಂಬತ್ತು ದಿನ. ಆ ಒಂಬತ್ತು ದಿನ ಕಾದು ಅನುಮತಿ ಪಡೆದದ್ದಕ್ಕೇ ಇಳಿಸಿ ಎಂಬ ಕರೆ ಬಂತು, ಒಬ್ಬರ ಮನೆಗೆ ಅವರ ಮನುಷ್ಯ ವಾಪಸು ಬಂದರು.